ವಜ್ರದ ಹೊಟ್ಟೆಯ ಪಾಠ

ಮಂಗಳೂರಿನ ಒಂದು ಆಭರಣದ ಅಂಗಡಿಯಲ್ಲಿ, ವಜ್ರದ ಕೌಂಟರಿನ ಹಿಂದೆ, ನಾನು ಹದಿನಾರು ವರ್ಷದಿಂದ ಕೂತಿದ್ದೇನೆ. ಕಲ್ಲಿನೊಳಗೆ ಹೊಕ್ಕ ಬೆಳಕು ಎಲ್ಲಿಂದ ಹೊರಬರುತ್ತದೆಂದು ಕಣ್ಣುಮುಚ್ಚಿ ಹೇಳಬಲ್ಲೆ. ಗ್ರಾಹಕರ ಕಿವಿಯೊಳಗೆ ಹೊಕ್ಕ ಮಾತು ಎಲ್ಲಿಂದ, ಯಾವ ರೂಪದಲ್ಲಿ ಹೊರಬರುತ್ತದೆಂದು ಇವತ್ತಿಗೂ ಹೇಳಲಾರೆ. ಆದರೂ ವಿವರಿಸದೆ ಇರಲು ನನಗೆ ಆಗುವುದಿಲ್ಲ. ಇಂಥ ಕಲ್ಲನ್ನು ಏನೂ ಹೇಳದೆ ಪೆಟ್ಟಿಗೆಯಲ್ಲಿಟ್ಟು ಕೊಡುವುದು ಹೇಗೆ? ಈ ಚಟದಿಂದಲೇ ಒಮ್ಮೆ ಕೌಂಟರು ನನ್ನ ಕೈತಪ್ಪುವುದರಲ್ಲಿತ್ತು.

ತಲೆ ಮತ್ತು ಬಾಲ

ಬಜಪೆ ಕಡೆಯ ಒಬ್ಬರು ಗಲ್ಫಿನಿಂದ ರಜೆಗೆ ಬಂದವರು ಹೆಂಡತಿಯ ಜೊತೆ ಉಂಗುರ ನೋಡಲು ಬಂದರು. ನಾನು ಭೂತಗನ್ನಡಿ ಕೊಟ್ಟು ಶುರುಮಾಡಿದೆ. ಮೇಲಿನ ಚಪ್ಪಟೆ ಭಾಗ ಮುಖ, ಅದಕ್ಕೆ ನಾವು ಟೇಬಲ್ ಅಂತೇವೆ. ಸುತ್ತ ಇಳಿಜಾರಾಗಿರುವುದು ಕಿರೀಟ. ಕಲ್ಲು ಅತಿ ಅಗಲವಾಗಿರುವ ಕಡೆಯ ಅಂಚು ಸೊಂಟ. ಅದರ ಕೆಳಗೆ ಚೂಪಾಗುತ್ತಾ ಹೋಗುವುದು ಹೊಟ್ಟೆ. ಉಂಗುರದಲ್ಲಿ ಕೂರಿಸಿದ ಮೇಲೆ ಹೊಟ್ಟೆ ಕಾಣುವುದೇ ಇಲ್ಲ.

"ಕಾಣುವುದಿಲ್ಲ ಅಂದ್ರೆ ಅದಕ್ಕೆ ನಾನು ಎಂತಕ್ಕೆ ದುಡ್ಡು ಕೊಡ್ಬೇಕು?" ಅಂದರು ಅವರು. "ಅದನ್ನು ಕೊಯ್ದು ತೆಗೀರಿ. ಮೇಲಿನದ್ದು ಮಾತ್ರ ತೂಕ ಮಾಡಿ. ಅಂಜಲ್ ಮೀನು ತಗೊಂಡ್ರೆ ತಲೆ ಬಾಲ ತೆಗೆದು ಕೊಡುವುದಿಲ್ವಾ?"

ಹೆಂಡತಿ, ಮೀನುಗಾರರ ಬೆಂಗ್ರೆಯಲ್ಲಿ ಹುಟ್ಟಿ ಬೆಳೆದವರು, ಗಂಡನ ಕಡೆ ತಿರುಗಿ ಹೇಳಿದರು: "ತಲೆ ತೆಗೆಯುವುದು ತೂಕ ಹಾಕಿದ ಮೇಲೆ, ಮಾರಾಯ್ರೆ."

ಅಷ್ಟು ಚೆನ್ನಾಗಿ ನಾನು ಎಂದೂ ವಿವರಿಸಿಲ್ಲ. ಆದರೆ ಮಾತು ಮೀನಿಗೆ ತಿರುಗಿದ್ದರಿಂದ ಇಬ್ಬರಿಗೂ ಮಾರುಕಟ್ಟೆಗೆ ಹೊತ್ತಾಯಿತೆಂದು ನೆನಪಾಯಿತು. ಆ ದಿನ ಅವರು ಕೊಂಡದ್ದು ಅಂಜಲ್.

ಪ್ರಯೋಗ

ಕುಲಶೇಖರದ ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರು ತಮ್ಮ ಹಳೆಯ ಉಂಗುರದ ಕಲ್ಲು ಅಸಲಿಯೇ ಎಂದು ಕೇಳಲು ಬಂದರು. ಹಾಗೆಯೇ ಮಗಳಿಗೆ ಓಲೆ ನೋಡುವುದೂ ಇತ್ತು. ವಜ್ರದಷ್ಟು ಗಟ್ಟಿ ಕಲ್ಲು ಬೇರೆ ಇಲ್ಲ, ಗಾಜನ್ನು ಅದು ಸಲೀಸಾಗಿ ಗೀರುತ್ತದೆ ಎಂದೆ. ನಾನು ಪೂರ್ಣವಿರಾಮ ಹಾಕುವುದರೊಳಗೆ ಅವರು ತಮ್ಮ ಉಂಗುರದಿಂದ ಕೌಂಟರಿನ ಗಾಜಿನ ಮೇಲೆ ಗೇಣುದ್ದದ ಗೆರೆ ಎಳೆದಿದ್ದರು. "ಹೌದು, ಸರಿ ಉಂಟು," ಅಂದರು.

ಇನ್ನಷ್ಟು ಹಾನಿ ತಪ್ಪಿಸಲು ನಾನು ಅವಸರದಿಂದ ಹೇಳಿದೆ: "ಸರ್, ಗಟ್ಟಿ ಅಂದ್ರೆ ಒಡೆಯುವುದಿಲ್ಲ ಅಂತ ಅಲ್ಲ. ಸರಿಯಾದ ದಿಕ್ಕಿನಿಂದ ಒಂದು ಪೆಟ್ಟು ಬಿದ್ರೆ ಸೀಳಿ ಹೋಗ್ತದೆ."

ಮೇಷ್ಟ್ರು ಉಂಗುರವನ್ನು ತಿರುಗಿಸಿ ತಿರುಗಿಸಿ ನೋಡಿದರು. "ನಿಮ್ಮಲ್ಲಿ ಸುತ್ತಿಗೆ ಉಂಟಾ?"

ಇಲ್ಲವೆಂದಾಗ ಓಲೆಯನ್ನೂ ನೋಡದೆ ಎದ್ದರು. ಗೆರೆಯ ಮೇಲೆ ನಾನೀಗ ಕ್ಯಾಲ್ಕುಲೇಟರ್ ಇಡುತ್ತೇನೆ.

ಅಂಗಡಿಯ ಧಣಿಗಳು ನನ್ನನ್ನು ಕರೆಸಿದರು. "ನೀವು ಮಾರ್ಲಿಕ್ಕೆ ಬಂದದ್ದಾ, ಕಲಿಸ್ಲಿಕ್ಕೆ ಬಂದದ್ದಾ? ಇನ್ನೊಬ್ಬ ಗಿರಾಕಿ ಪಾಠ ಕೇಳಿ ಎದ್ದು ಹೋದ್ರೆ ನೀವು ಬೆಳ್ಳಿ ವಿಭಾಗಕ್ಕೆ. ಅಲ್ಲಿ ದೀಪ, ಲೋಟ. ವಿವರಿಸ್ಲಿಕ್ಕೆ ಎಂತದ್ದೂ ಇಲ್ಲ."

ಮಂಕಾದ ಕಲ್ಲು

ಎರಡು ವಾರ ನಾನು ಮೂಗನಂತೆ ಇದ್ದೆ. ಆಮೇಲೆ ಒಂದು ಬೆಳಿಗ್ಗೆ ಅರ್ಚಕರೊಬ್ಬರ ಮನೆಯ ಅತ್ತೆ ಸೊಸೆ ಬಂದರು. ಸೊಸೆಯ ಮದುವೆಗೆ ನಮ್ಮಲ್ಲೇ ಕೊಂಡ ಉಂಗುರ. ಅತ್ತೆ ಅದನ್ನು ಗಾಜಿನ ಮೇಲಿಟ್ಟರು.

"ಮನೆಗೆ ತಂದಾಗ ಹೇಗೆ ಹೊಳೀತಿತ್ತು! ನಾಲ್ಕೇ ತಿಂಗಳು. ಇವಳ ಕೈಗೆ ಬಂದು ಮಂಕಾಯ್ತು. ಕಲ್ಲು ಆಗಿ ಬರುವುದಿಲ್ಲ ಕೆಲವರಿಗೆ. ಮನೆಯಲ್ಲಿ ಎಲ್ಲರೂ ಹೇಳ್ತಾರೆ. ವಾಪಸು ತಗೊಳ್ಳಿ."

ಸೊಸೆ ಬರಿದಾದ ಬೆರಳನ್ನು ಸೆರಗಿನೊಳಗೆ ಎಳೆದುಕೊಂಡಳು. ಧಣಿಗಳು ನನ್ನ ಬೆನ್ನಹಿಂದೆಯೇ ನಿಂತಿದ್ದರು. ಸುಮ್ಮನೆ ವಾಪಸು ಪಡೆದರೆ ನನ್ನ ಕೌಂಟರು ಉಳಿಯುತ್ತಿತ್ತು. ಆದರೆ ಆ ಹುಡುಗಿ, ಕಲ್ಲು ಕೂಡ ಆಗಿಬರದವಳು ಎಂಬ ಹೆಸರು ಹೊತ್ತು ಮನೆಗೆ ಹೋಗಬೇಕಿತ್ತು. ನಾನು ಪಾಠ ಶುರುಮಾಡಿದೆ.

"ಅಮ್ಮ, ಮುಖದಿಂದ ಹೊಕ್ಕ ಬೆಳಕು ಕೆಳಗಿನ ಹೊಟ್ಟೆಗೆ ಬಡಿದು ತಿರುಗಿ ಮೇಲೆ ಬರಬೇಕು. ಹೊಳಪು ಅಂದ್ರೆ ಅದೇ. ಹೊಟ್ಟೆಗೆ ಜಿಡ್ಡು ಹಿಡಿದ್ರೆ ಬೆಳಕು ಕೆಳಗೆ ಸೋರಿ ಹೋಗ್ತದೆ. ವಜ್ರಕ್ಕೆ ನೀರು ಅಂಟುವುದಿಲ್ಲ, ಎಣ್ಣೆ ಅಂದ್ರೆ ಬಿಡುವುದಿಲ್ಲ. ಇವರು ಎಣ್ಣೆ ಮುಟ್ಟುವ ಕೆಲಸ ಎಂತ ಮಾಡ್ತಾರೆ?"

"ಎಂತದ್ದೂ ಇಲ್ಲ," ಅಂದರು ಅತ್ತೆ. "ಅಡುಗೆ ಎಲ್ಲ ನಾನೇ. ಇವಳು ಎಣ್ಣೆ ಮುಟ್ಟುವುದೇ ಇಲ್ಲ."

ಸೊಸೆ ಮೊದಲ ಸಲ ಬಾಯಿ ತೆರೆದಳು. "ಅತ್ತೆ, ನಿಮ್ಮ ಮೊಣಕಾಲು. ದಿನಾ ಸಂಜೆ ಎಣ್ಣೆ ಹಚ್ಚಿ ತಿಕ್ಕುವುದು..."

ನಾನು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸಾಬೂನು ಹಾಕಿ, ಮೆತ್ತನೆಯ ಬ್ರಷ್ಷಿನಿಂದ ಕಲ್ಲಿನ ಕೆಳಭಾಗ ಉಜ್ಜಿದೆ. ನಾಲ್ಕು ತಿಂಗಳ ಸಂಜೆಗಳು ಬಟ್ಟಲಿನ ನೀರಿಗೆ ಇಳಿದವು. ಒರೆಸಿ ಎತ್ತಿದಾಗ ಬೆಳಕು ಧಣಿಗಳ ಕನ್ನಡಕದವರೆಗೂ ಹೋಯಿತು.

ಅತ್ತೆ ಉಂಗುರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಕ್ಷಮೆ ಕೇಳುವ ಅಭ್ಯಾಸ ಇದ್ದವರಂತೆ ಕಾಣಲಿಲ್ಲ. ಆದರೂ ದನಿ ಸ್ವಲ್ಪ ಇಳಿದಿತ್ತು. "ಮನೆಯಲ್ಲಿ ನಾನೇ ಹೇಳ್ತೇನೆ, ಕಲ್ಲಿಗೆ ಎಂತ ಆಗಿಲ್ಲ ಅಂತ. ನಾಳೆಯಿಂದ ಕಾಲು ತಿಕ್ಕುವಾಗ ಉಂಗುರ ತೆಗೆದಿಡು."

"ಎಲ್ಲಿ ಇಡುವುದು ಅತ್ತೆ? ಕಳೆದುಹೋದ್ರೆ?"

"ಅಷ್ಟು ಹೊತ್ತು ನಾನು ಹಾಕಿಕೊಳ್ತೇನೆ. ಆಗ್ತದಾ ನೋಡುವ," ಎಂದು ಅಲ್ಲೇ ಬೆರಳಿಗೆ ತುರುಕಿದರು. ಗಂಟು ದಾಟಿ ಒಳಗೆ ಹೋಯಿತು. ಹೊರಗೆ ಬರಲಿಲ್ಲ. ಬಟ್ಟಲಿನ ಸಾಬೂನು ನೀರೆಲ್ಲ ಖಾಲಿಯಾಯಿತು, ಉಂಗುರ ಅಲುಗಲಿಲ್ಲ. ಧಣಿಗಳೇ ಕೈ ಹಾಕಿ ಎಳೆದರು. ಅತ್ತೆ ಒಮ್ಮೆ ಗುರಾಯಿಸಿದ್ದೇ ಅವರು ಕೈ ಬಿಟ್ಟರು.

ನನ್ನ ಪಾಠ ಕೇಳಿಯೂ ಎದ್ದು ಹೋಗಲಾರದ ಮೊದಲ ಗಿರಾಕಿ ಅವರು. ಕೌಂಟರು ಉಳಿಯಿತು.

ಸೊಸೆ ನನ್ನ ಕಡೆ ತಿರುಗಿದಳು. ಮುಖದಲ್ಲಿ ನಗುವಿನ ಗೆರೆಯೂ ಇರಲಿಲ್ಲ.

"ನಿಮ್ಮಲ್ಲಿ ತೆಂಗಿನೆಣ್ಣೆ ಉಂಟಾ?"