ತಲೆಗೆ ತಂತಿ ಹಚ್ಚಿ ಮಲಗಿಸುವ ಕೆಲಸ

ಜನರನ್ನು ಮಲಗಿಸಿ ಸಂಬಳ ಎಣಿಸುವವನು ನಾನು. ಗದಗಿನ ಒಂದು ದವಾಖಾನೆಯಲ್ಲಿ ರೋಗಿಗಳ ತಲೆಗೆ ತಂತಿ ಹಚ್ಚಿ, ಮೆದುಳಿನ ಅಲೆಗಳನ್ನು ಪರದೆಯ ಮೇಲೆ ದಾಖಲಿಸುತ್ತೇನೆ. ಫಿಟ್ಸ್ ಇದ್ದವರ ಮೆದುಳು ಎಚ್ಚರದಲ್ಲಿ ಮುಚ್ಚಿಟ್ಟದ್ದನ್ನು ನಿದ್ದೆಯಲ್ಲಿ ತೋರಿಸಿಬಿಡುವುದುಂಟು. ಅದಕ್ಕೇ ಹಿಂದಿನ ರಾತ್ರಿ ನಿದ್ದೆಗೆಡಿಸಿ, ಬೆಳಿಗ್ಗೆ ಇಲ್ಲಿ ಮಲಗಿಸುತ್ತೇವೆ. ಮನುಷ್ಯ ಮಲಗಿದರೂ ಮೆದುಳು ಸುಮ್ಮನಿರುವುದಿಲ್ಲ. ಹದಿನೈದು ವರ್ಷ ನೋಡಿದರೂ ನನ್ನ ಬೆರಗು ತೀರಿಲ್ಲ. ನಗುವ ಪ್ರಸಂಗಗಳಂತೂ ವಾರಕ್ಕೊಂದು ಖಾಯಂ.

ಮನೆಮಂದಿಯ ಜಾಗರಣೆ

ಶಿಗ್ಲಿಯ ರೈತನೊಬ್ಬನಿಗೆ, "ರಾತ್ರಿ ಮಲಗಬ್ಯಾಡ್ರಿ, ಮುಂಜಾನೆ ತಲಿಗೆ ಎಣ್ಣಿ ಹಚ್ಚದ ಬರ್ರಿ" ಎಂದು ಹೇಳಿದ್ದೆ. ಪಾಪ, ಒಬ್ಬನೇ ಹೇಗೆ ಕೂರುತ್ತಾನೆಂದು ಮನೆಯವರೆಲ್ಲ ಜೊತೆಗೆ ಕೂತು, ಚಹಾದ ಮೇಲೆ ಚಹಾ ಕುಡಿದು ಬೆಳಗು ಮಾಡಿದರಂತೆ. ಬೆಳಿಗ್ಗೆ ಎಂಟು ಜನ ಬಂದಿಳಿದರು. ತಂತಿ ಹಚ್ಚಿ ದೀಪ ಆರಿಸಿದೆ. ಅರ್ಧ ತಾಸಾದರೂ ರೋಗಿ ಕಣ್ಣು ಮುಚ್ಚಲಿಲ್ಲ. ಹೊರಗಿನ ಬೆಂಚಿನ ಮೇಲೆ ಉಳಿದ ಏಳೂ ಜನ ಒಬ್ಬರ ಹೆಗಲಿಗೆ ಒಬ್ಬರು ಒರಗಿ ಗಾಢ ನಿದ್ದೆ. ರೋಗಿ ಬಾಗಿಲ ಕಡೆ ನೋಡಿ ಹೇಳಿದ:

"ಅಷ್ಟೂ ಮಂದಿ ಮಲಗ್ಯಾರಲ್ರೀ ಸರ, ಅವರೊಳಗ ಯಾರದರ ಒಬ್ಬರದು ತಗೊಂಡಬಿಡ್ರಿ."

ಯಾರ ಗೊರಕೆ?

ಮುಂಡರಗಿಯ ಅಜ್ಜನೊಬ್ಬರು, "ನನಗ ನಿದ್ದಿನ ಬರೂದಿಲ್ಲ" ಎಂದು ಹಟ ಹಿಡಿದೇ ಮಲಗಿದರು. ಹತ್ತು ನಿಮಿಷಕ್ಕೆ ಪರದೆಯ ಚುರುಕು ಗೆರೆಗಳು ನಿಧಾನವಾದವು, ಗೊರಕೆಯೂ ಶುರುವಾಯಿತು. ಕೆಲಸ ಮುಗಿಸಿ ಎಬ್ಬಿಸಿ, "ಚಲೋ ನಿದ್ದಿ ಮಾಡಿದ್ರಿ ಅಜ್ಜಾರ" ಅಂದೆ. ಅಜ್ಜನಿಗೆ ಸಿಟ್ಟೇ ಬಂತು. ತೆಳು ನಿದ್ದೆಯ ವಿಚಿತ್ರ ಇದು: ಮಲಗಿದವರಿಗೇ ತಾವು ಮಲಗಿದ್ದು ಗೊತ್ತಾಗುವುದಿಲ್ಲ.

"ನಾ ಮಲಗಿದ್ರ," ಅಂದರು, "ನೀವು ಗೊರಕಿ ಹೊಡದದ್ದು ನನಗ ಹೆಂಗ ಕೇಳತಿತ್ತು?"

ಸಪ್ಪಳವಿಲ್ಲದ ಕೋಣೆ

ಬೆಟಗೇರಿಯ ನೇಕಾರರೊಬ್ಬರು ಮೂರು ವರ್ಷದ ಹಿಂದೆ ಮಗ್ಗದ ಮೇಲೇ ಫಿಟ್ಸ್ ಬಂದು ಬಿದ್ದಿದ್ದರು. ಗುಳಿಗೆ ಶುರುವಾದ ಮೇಲೆ ಮತ್ತೆ ಬಂದಿರಲಿಲ್ಲ. ಆದರೂ ಡಾಕ್ಟರು ಮಗ್ಗಕ್ಕೆ ಕೂರಬೇಡಿ ಎಂದಿದ್ದರಿಂದ ಹೆಂಡತಿಯೇ ನೇಯುತ್ತಿದ್ದರು. ಈ ಸಲ ನಿದ್ದೆಯ ದಾಖಲೆ ಚೊಕ್ಕ ಬಂದರೆ ಮತ್ತೆ ನೇಯಬಹುದೆಂದು ಡಾಕ್ಟರು ಹೇಳಿದ್ದರು. ಆ ಚಿಂತೆಯಲ್ಲಿ ಮನುಷ್ಯನಿಗೆ ನಿದ್ದೆಯೇ ಇಲ್ಲ.

"ಸಪ್ಪಳ ಬೇಕ್ರಿ ಸರ. ನಾ ನೇಯಾಕತ್ತಿದ್ರನ ಇವರಿಗೆ ನಿದ್ದಿ ಹತ್ತೋದು" ಎಂದರು ಹೆಂಡತಿ.

"ಮಂಚ ಒಂದ ಮುಟ್ಟಬ್ಯಾಡ್ರಿ, ಗೆರಿ ಕೆಡ್ತಾವ" ಅಂದೆ.

ಆಕೆ ಕಟ್ಟಿಗೆಯ ಸ್ಟೂಲು ಎಳೆದುಕೊಂಡು ಗೆಣ್ಣಿನಿಂದ ಬಡಿಯತೊಡಗಿದರು, ಖಟ್-ಖಟ್, ಥೇಟ್ ಮಗ್ಗದ ಲಯ. ಐದು ನಿಮಿಷದಲ್ಲಿ ಆತ ನಿದ್ದೆಗೆ ಜಾರಿದರು. ನಾನು ಖುಷಿಯಿಂದ ದಾಖಲಿಸುತ್ತಿದ್ದೆ. ಆದರೆ ಆಕೆಯೂ ಇಡೀ ರಾತ್ರಿ ಎಚ್ಚರವಿದ್ದವರೇ. ತೂಕಡಿಸಿ ತಲೆ ಬಾಗಿತು, ಕೈ ನಿಂತಿತು.

ಕೋಣೆಯಲ್ಲಿ ಒಂದೂ ಸಪ್ಪಳವಿಲ್ಲ. ಆ ಕ್ಷಣಕ್ಕೇ ಪರದೆಯ ಗೆರೆಗಳೆಲ್ಲ ಕದಡಿಹೋದವು. ಸದ್ದಿಗೆ ಎದ್ದವರನ್ನು ಬೇಕಾದಷ್ಟು ನೋಡಿದ್ದೇನೆ, ಸದ್ದು ನಿಂತದ್ದಕ್ಕೆ ಎದ್ದವರನ್ನು ಅವತ್ತೇ ಕಂಡದ್ದು. ನಿದ್ದೆಯೊಳಗೂ ಅವರ ಮೆದುಳು ಹೆಂಡತಿಯ ಕೈಯನ್ನೇ ಕೇಳುತ್ತ ಕೂತಿತ್ತಲ್ಲ!

"ಎಳಿ ಹರೀತೇನ?" ಎಂದು ಗಂಡ ಕಣ್ಣು ತೆರೆದರು.

"ಇಲ್ಲ, ಮಲ್ಕೋರಿ" ಎಂದು ಹೆಂಡತಿ ಕಣ್ಣು ಮುಚ್ಚಿಕೊಂಡೇ ಮತ್ತೆ ಬಡಿದರು. ಆತ ಮತ್ತೆ ಮಲಗಿದರು.

ದಾಖಲೆಯಲ್ಲಿ ಕೆಮ್ಮಿದ್ದು, ಮಗ್ಗುಲು ಬದಲಿಸಿದ್ದು ಎಲ್ಲ ಬರೆಯುವುದು ನಮ್ಮ ರೂಢಿ. ಗೆರೆ ಕದಡಿದ ಜಾಗದಲ್ಲಿ 'ಮಗ್ಗ ನಿಂತಿತು' ಎಂದು ಬರೆದೆ.

"ನಮ್ಮ ದವಾಖಾನ್ಯಾಗ ಮಗ್ಗ ಎಲ್ಲಿಂದ ಬಂತಪಾ?" ಎಂದು ಡಾಕ್ಟರು ಕೇಳಿದರು. ವಿಷಯ ತಿಳಿದು ನಕ್ಕು, ಮತ್ತೊಮ್ಮೆ ಎಲ್ಲ ನೋಡಿ ಗಂಡನಿಗೆ ಹೇಳಿದರು: "ಚೊಕ್ಕ ಐತಿ. ಗುಳಗಿ ಬಿಡಬ್ಯಾಡ್ರಿ, ಆದ್ರ ನಾಳಿಂದ ಮಗ್ಗಕ್ಕ ಕುಂಡ್ರಿ."

ಆತನ ಕಣ್ಣು ತುಂಬಿ ಬಂದವು. ಹೆಂಡತಿಯ ಕಡೆ ನೋಡಿದರು. ಆಕೆಯೂ ಸೆರಗಿನಿಂದ ಕಣ್ಣೊರೆಸಿಕೊಂಡು, ದೊಡ್ಡದೊಂದು ಆಕಳಿಕೆ ತೆಗೆದು ಹೇಳಿದರು:

"ಹಂಗಾರ ನಾಳಿಂದ ನೀವು ನೇಯ್ರಿ. ನಾ ಮಲಗ್ತೀನಿ."