ರೊಟ್ಟಿ ಬಡಿದರೆ ಬೀಳುವ ನೆಟ್‌ವರ್ಕು

ಬೇ ಏರಿಯಾದ ಕ್ಯಾಂಪ್‌ಬೆಲ್‌ನಲ್ಲಿರುವ ನಮ್ಮ ಮನೆಯ ಅಡುಗೆಮನೆಗೆ ವೈಫೈ ಬರುವುದಿಲ್ಲ. ಬಂದರೂ ಬಾಗಿಲಲ್ಲೇ ನಿಂತು ಇಣುಕಿ ವಾಪಸು ಹೋಗುತ್ತದೆ. ಇಷ್ಟು ದಿನ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಸಾರಿಗೆ ಒಗ್ಗರಣೆ ಹಾಕಲು ಇಂಟರ್ನೆಟ್ ಯಾಕೆ ಬೇಕು?

ಆದರೆ ಧಾರವಾಡದಿಂದ ಬಂದಿದ್ದ ನಮ್ಮ ಅತ್ತೆ ಅದೇ ಅಡುಗೆಮನೆಯಿಂದ ಲೈವ್ ಹೋಗುವ ಪ್ರಸಂಗ ಬಂತು. ಕಾರಣ, ಡ್ಯಾನ್‌ವಿಲ್‌ನ ಸುಧಕ್ಕ. ಇಲ್ಲಿನ ಕನ್ನಡ ಹೆಂಗಸರ ಆನ್‌ಲೈನ್ ಅಡುಗೆ ಗುಂಪಿಗೆ ಅವರೇ ಯಜಮಾನಿ. ಒಂದು ದಿನ ಮೀಟಿಂಗಿನಲ್ಲಿ ಅವರು, "ಜೋಳದ ರೊಟ್ಟಿ ಕೈಯಲ್ಲಿ ಬಡಿದ್ರೇನು, ಲಟ್ಟಣಿಗೆಯಲ್ಲಿ ಲಟ್ಟಿಸಿದ್ರೇನು, ಎಲ್ಲಾ ಒಂದೇ ಬಿಡಿ" ಎಂದುಬಿಟ್ಟರು. ನನ್ನ ಹೆಂಡತಿಯ ಪಕ್ಕದಲ್ಲೇ ಕೂತು ಕೇಳುತ್ತಿದ್ದ ಅತ್ತೆ, ಮಗಳ ಕೈಯಿಂದ ಫೋನ್ ಕಿತ್ತುಕೊಂಡರು.

"ಒಂದ ಹೆಂಗ ಆಕ್ಕೈತ್ರೀ? ಬರೂ ಐತವಾರ ನಾ ಬಡದ ತೋರಸ್ತೀನಿ. ಹಂಚಿನ ಮ್ಯಾಲೆ ಹೆಂಗ ಉಬ್ಬತೈತಿ, ಕಣ್ತುಂಬ ನೋಡ್ರಿ!"

ಆ ಭಾನುವಾರದ ಮರುದಿನವೇ ಅತ್ತೆ ಊರಿಗೆ ವಿಮಾನ ಹತ್ತಬೇಕಿತ್ತು. ಹಾಗಾಗಿ ಇದ್ದದ್ದು ಒಂದೇ ಅವಕಾಶ. ಸಮಸ್ತ ಉತ್ತರ ಕರ್ನಾಟಕದ ಮಾನ ನಮ್ಮ ಮನೆಯ ಇಂಟರ್ನೆಟ್ಟಿನ ಕೈಗೆ ಬಂದಿತ್ತು!

"ಅತ್ತೆ, ನೀವೇನೂ ಯೋಚ್ನೆ ಮಾಡ್ಬೇಡಿ. ನಾನಿಲ್ವಾ?" ಎಂದೆ. ನಾನು ಮಂಡ್ಯದವನು, ಮುದ್ದೆ ನುಂಗಿ ಬೆಳೆದವನು. ರೊಟ್ಟಿಯ ವಿಷಯದಲ್ಲಿ ಆ ಮನೆಯಲ್ಲಿ ನನಗೆ ಮತದಾನದ ಹಕ್ಕಿಲ್ಲ. ಆದರೆ ವೃತ್ತಿಯಿಂದ ನಾನು ನೆಟ್‌ವರ್ಕ್ ಇಂಜಿನಿಯರ್. ಆಫೀಸಿನ ಮೀಟಿಂಗಿನಲ್ಲಿ ನಾನು ಬಾಯಿ ತೆರೆದರೆ ನಾಲ್ಕು ಜನ ತಲೆದೂಗುತ್ತಾರೆ. ಇಷ್ಟು ವರ್ಷಗಳ ಸೇವೆಯಲ್ಲಿ ಒಂದೇ ಒಂದು ವೈರನ್ನೂ ಕೈಯಿಂದ ಮುಟ್ಟಿಲ್ಲ ಎಂಬ ಸಣ್ಣ ಸಂಗತಿಯನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

"ಆಫೀಸ್ ರೂಮಿನ ರೌಟರಿಂದ ಅಡುಗೆಮನೆಗೆ ನೇರ ವೈರ್ ಎಳೀತೀನಿ" ಎಂದು ಘೋಷಿಸಿದೆ.

"ರೆಡಿ ಕೇಬಲ್ ಆರ್ಡರ್ ಮಾಡ್ರಿ, ನಾಳೆ ಬಂದ್ಬಿಡುತ್ತೆ" ಎಂದಳು ಹೆಂಡತಿ ರೂಪಾ.

ನೆಟ್‌ವರ್ಕ್ ಇಂಜಿನಿಯರ್ ಮನೆಗೆ ರೆಡಿಮೇಡ್ ಕೇಬಲ್ಲೇ! ಅಂಗಡಿಗೆ ಹೋಗಿ ಬಿಡಿ ಕೇಬಲ್ಲು, ಒಂದು ಚೀಲ ಪ್ಲಗ್ಗು, ಅವನ್ನು ಒತ್ತಿ ಕೂರಿಸುವ ಇಕ್ಕಳ ಎಲ್ಲ ತಂದೆ.

ಕೇಬಲ್ಲಿನ ಸಿಪ್ಪೆ ಸುಲಿದರೆ ಒಳಗೆ ಎಂಟು ಸಣ್ಣ ವೈರುಗಳು, ನಾಲ್ಕು ಬಣ್ಣದ ನಾಲ್ಕು ಜೋಡಿಗಳು. ಒಂದಕ್ಕೊಂದು ಸುತ್ತಿಕೊಂಡು ಎಂಥ ಅನ್ಯೋನ್ಯ ದಾಂಪತ್ಯ! ಇವನ್ನು ಪ್ಲಗ್ಗಿನೊಳಗೆ ಸಾಲಾಗಿ ಕೂರಿಸಬೇಕು. ಹಸಿರು ಗಂಡಹೆಂಡಿರನ್ನು ಬೇರೆ ಮಾಡಿ, ಅವರ ನಡುವೆ ನೀಲಿ ದಂಪತಿಗಳನ್ನು ಕೂರಿಸಬೇಕೆಂಬುದು ನಿಯಮವಂತೆ. ಪ್ಲಗ್ಗಿನ ಚೀಲದ ಮೇಲೆ ಚಿತ್ರವೂ ಇತ್ತು. ನಾನು ಚೀಲ ನೋಡುವವನೇ? ಸಂಸಾರಸ್ಥನಾಗಿ ಎಲ್ಲ ಜೋಡಿಗಳನ್ನೂ ಮದುವೆಮನೆಯ ಫೋಟೋಗೆ ನಿಲ್ಲಿಸಿದ ಹಾಗೆ ಅಕ್ಕಪಕ್ಕದಲ್ಲೇ ಕೂರಿಸಿ ಇಕ್ಕಳ ಒತ್ತಿದೆ. ನೋಡಲು ಬಹಳ ಚೆನ್ನಾಗಿತ್ತು.

ಲ್ಯಾಪ್‌ಟಾಪಿಗೆ ಸಿಕ್ಕಿಸಿ ಸ್ಪೀಡ್ ಪರೀಕ್ಷಿಸಿದೆ. ಪರದೆಯ ಮೇಲಿನ ಸ್ಪೀಡಿನ ಮುಳ್ಳು ಸ್ವಲ್ಪ ಮೇಲೆದ್ದು, ಯೋಚಿಸಿ, ಮಲಗಿಬಿಟ್ಟಿತು.

"ಇದಕ್ಕಿಂತ ಬಾಗಿಲಲ್ಲಿ ಇಣುಕೋ ವೈಫೈನೇ ಜೋರಾಗಿದೆಯಲ್ರೀ!" ಎಂದಳು ರೂಪಾ.

"ವೈರಿನ ತಪ್ಪಲ್ಲ. ಇಂಟರ್ನೆಟ್ ಕಂಪನಿಯದು" ಎಂದು ತೀರ್ಪು ಕೊಟ್ಟೆ. ರೌಟರನ್ನು ಆರಿಸಿದೆ, ಹೊತ್ತಿಸಿದೆ. ಅದರ ಸೆಟ್ಟಿಂಗುಗಳನ್ನೆಲ್ಲ ಅಳಿಸಿದೆ. ಈಗ ಇಡೀ ಮನೆಗೇ ಇಂಟರ್ನೆಟ್ ಇಲ್ಲ! ಕಂಪನಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಮೊದಲು ಮನೆಯ ಇಂಟರ್ನೆಟ್ ವಾಪಸು ಬರಿಸಿ, ಆಮೇಲೆ ಇನ್ನಿಲ್ಲದ ವಿನಯದಿಂದ, ಬೇರೆ ಕೇಬಲ್ ಹಾಕಿ ನೋಡಿದ್ದೀರಾ ಎಂದು ಕೇಳಿದಳು. ನನ್ನ ಹುದ್ದೆ, ಅನುಭವ, ಪದವಿ ಎಲ್ಲವನ್ನೂ ಅವಳಿಗೆ ವಿವರವಾಗಿ ತಿಳಿಸಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, ಹಾಗಾದರೆ ಬೇರೆ ಕೇಬಲ್ ಹಾಕಿ ನೋಡಿ ಎಂದಳು.

ಕೊನೆಗೆ ಯಾರೂ ಇಲ್ಲದ ಹೊತ್ತು ನೋಡಿ ಚೀಲದ ಮೇಲಿನ ಚಿತ್ರ ನೋಡಿದೆ. ಪ್ಲಗ್ಗು ಕತ್ತರಿಸಿ ಮತ್ತೆ ಹಾಕಿದೆ. ಒಂದು ವೈರು ಒಳಗೆ ತಲುಪಿರಲಿಲ್ಲ. ಮತ್ತೆ ಕತ್ತರಿಸಿದೆ. ನೀಲಿ ದಂಪತಿಗಳು ತಲೆಕೆಳಗಾಗಿದ್ದರು. ಮತ್ತೆ ಕತ್ತರಿಸಿದೆ. ಅಂತೂ ಸ್ಪೀಡ್ ಪರೀಕ್ಷೆಯ ಮುಳ್ಳು ಹಾರಿ ಕೊನೆ ಮುಟ್ಟಿದಾಗ ನಾನೂ ಹಾರಿದೆ!

ಆದರೆ ಕತ್ತರಿಸಿ ಕತ್ತರಿಸಿ ಕೇಬಲ್ ಗಿಡ್ಡವಾಗಿತ್ತು. ಕಾರ್ಪೆಟ್ಟಿನ ಕೆಳಗೆ ಸುತ್ತಿಸಿ ತರುವಷ್ಟು ಉದ್ದವೇ ಉಳಿದಿರಲಿಲ್ಲ. ಆಫೀಸ್ ರೂಮಿನಿಂದ ಅಡುಗೆಮನೆಯ ಕೌಂಟರಿನವರೆಗೆ ಗಾಳಿಯಲ್ಲೇ ಬಿಗಿಯಾಗಿ ಎಳೆದು ಕಟ್ಟಿದೆ. ಎಳೆಯುವಾಗ ಪ್ಲಗ್ಗನ್ನು ಕಚ್ಚಿ ಹಿಡಿಯುವ ಪುಟ್ಟ ಪ್ಲಾಸ್ಟಿಕ್ ನಾಲಿಗೆ ಪಟ್ಟೆಂದು ಮುರಿಯಿತು. ಅದು ಬರೀ ಅಲಂಕಾರಕ್ಕೆ ಇರುವುದೆಂದು ನನಗೆ ನಾನೇ ಹೇಳಿಕೊಂಡೆ. ಅತ್ತೆ ಬಂದು, "ಚಲೋ ಮಾಡೀರಿ ಅಳಿಯಂದ್ರ" ಎಂದು ಆ ವೈರಿನ ಮೇಲೆ ಕೈ ಒರೆಸುವ ಬಟ್ಟೆ ಒಣಹಾಕಿದರು.

ಭಾನುವಾರ ಬಂತು. ಲ್ಯಾಪ್‌ಟಾಪಿನಲ್ಲಿ ವೈಫೈ ಎಂಬ ಶನಿಯನ್ನು ಆಫ್ ಮಾಡಿ, ಬಟ್ಟೆ ತೆಗೆದು, ವೈರು ಸಿಕ್ಕಿಸಿದೆ. ಪರದೆಯ ತುಂಬ ಹೆಂಗಸರು. ಸುಧಕ್ಕ ಮಧ್ಯದಲ್ಲೇ ಕೂತು ನಗುತ್ತಿದ್ದರು. ಅತ್ತೆ ಇಳಕಲ್ ಸೀರೆಯ ಸೆರಗು ಸಿಕ್ಕಿಸಿ, ಹಿಟ್ಟು ನಾದಿ, ದುಂಡಗಿನ ಉಂಡೆ ಕಟ್ಟಿದರು. ಚಿತ್ರ ಸ್ಫಟಿಕದಷ್ಟು ಸ್ವಚ್ಛ! ನಾನು ಎದೆಯುಬ್ಬಿಸಿ ನಿಂತೆ. ಅತ್ತೆ ಬಡಿಯತೊಡಗಿದರು. ಟಪ್!

ಚಿತ್ರ ನಿಂತಿತು.

"ಅಮ್ಮಾ, ನಿಂತ್ಹೋಯ್ತು!" ಎಂದಳು ರೂಪಾ. ಅತ್ತೆ ಕೈ ತೆಗೆದರು. ಸ್ವಲ್ಪ ಹೊತ್ತಿಗೆ ಚಿತ್ರ ಬಂತು. ಟಪ್! ಮತ್ತೆ ಹೋಯಿತು. ನನ್ನ ಪರೀಕ್ಷೆಗಳೆಲ್ಲ ನಡೆದದ್ದು ಶಾಂತ ಕೌಂಟರಿನ ಮೇಲೆ. ಧಾರವಾಡದ ಕೈ ಬಿದ್ದಾಗ ನಾಲಿಗೆಯಿಲ್ಲದ ಪ್ಲಗ್ಗು ಕೂತಲ್ಲೇ ಕುಣಿದು ಸಂಪರ್ಕ ತಪ್ಪಿಸುತ್ತಿತ್ತು!

"ಬಡದ್ರ ಹೋಗತೈತಿ, ಬಿಟ್ರ ಬರತೈತಿ. ಇದೇನ್ ವಾಯರ್ರೀ ಇದು?" ಎಂದರು ಅತ್ತೆ.

ಅಷ್ಟರಲ್ಲಿ ತಡವಾಗಿ ಬಂದವರೊಬ್ಬರು, ನಿಂತುಹೋದ ಮಸುಕು ಚಿತ್ರದಲ್ಲಿದ್ದ ಉಂಡೆ ನೋಡಿ, ಚಾಟಿನಲ್ಲಿ ಬರೆದರು: "ಮುದ್ದೆ ಸೂಪರ್ ಅಮ್ಮ! ಸಾರು ಏನು?"

ಅತ್ತೆ ಅದನ್ನು ಓದಿದರು. ಆಮೇಲೆ ನನ್ನ ಕಡೆ ನೋಡಿದರು. ಮಂಡ್ಯದವರೆಲ್ಲ ಸೇರಿ ಹೂಡಿದ ಸಂಚು ಇದು ಎಂಬ ಅನುಮಾನ ಆ ಕಣ್ಣಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

"ಏನರ ಮಾಡ್ರಿ! ಅವ್ವನ ಮಾನ ಹೋಗಾಕತ್ತೈತಿ!" ಎಂದಳು ರೂಪಾ. ಸಿಟ್ಟು ಬಂದರೆ ಅವಳೂ ಧಾರವಾಡಕ್ಕೆ ಹೋಗಿಬಿಡುತ್ತಾಳೆ.

ನಾನು ಕ್ಯಾಮೆರಾಗೆ ಕಾಣದಂತೆ ಮಂಡಿಯೂರಿ ತೆವಳಿದೆ. ಕೌಂಟರಿನ ಕೆಳಗೆ ಕೂತು, ಕೈ ಮೇಲೆತ್ತಿ, ಪ್ಲಗ್ಗನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದೆ. ಟಪ್ ಟಪ್ ಟಪ್! ಚಿತ್ರ ಅಲುಗಲಿಲ್ಲ. ರೊಟ್ಟಿ ತಿರುಗುತ್ತ ಅಗಲವಾಯಿತು. "ಆಹಾ!" ಎಂದವು ಪರದೆಯ ದನಿಗಳು. ರೊಟ್ಟಿ ಹಂಚಿಗೆ ಹೋಯಿತು. ಇನ್ನೇನು ಉಬ್ಬಬೇಕು, ಕೌಂಟರಿನಿಂದ ಸುರಿಯುತ್ತಿದ್ದ ಜೋಳದ ಹಿಟ್ಟು ನನ್ನ ಮೂಗಿಗೆ ಹೋಯಿತು.

ಆಕ್ಷೀ!

ಪ್ಲಗ್ಗು ಕಿತ್ತು ಬಂತು. ಮತ್ತೆ ಚಿತ್ರ ಬರುವ ಹೊತ್ತಿಗೆ ರೊಟ್ಟಿ ಉಬ್ಬಿ, ಇಳಿದು, ತಟ್ಟೆಯಲ್ಲಿ ಮಲಗಿತ್ತು.

"ಚೆನ್ನಾಗಿದೆ ಅಮ್ಮ. ಲಟ್ಟಿಸಿದ ಹಾಗೇ ಇದೆ!" ಎಂದರು ಸುಧಕ್ಕ.

ಅತ್ತೆ ಇನ್ನೊಂದು ಉಂಡೆ ಕಟ್ಟಿ, ಕೆಳಗೆ ಬಗ್ಗಿ, ತಗ್ಗಿದ ದನಿಯಲ್ಲಿ ಹೇಳಿದರು: "ಅಳಿಯಂದ್ರ, ಈ ಸಲ ಉಸುರೂ ಬಿಡಬ್ಯಾಡ್ರಿ."

ಬಿಡಲಿಲ್ಲ! ಕೈ ಜೋಮು ಹಿಡಿಯಿತು, ಕಣ್ಣಲ್ಲಿ ನೀರು ಬಂತು, ಕೂದಲೆಲ್ಲ ಬೆಳ್ಳಗಾಯಿತು. ಟಪ್ ಟಪ್ ಮುಗಿದು ಹಂಚಿನ ಸದ್ದು ಕೇಳಿಸಿತು. ಆಮೇಲೆ ಲ್ಯಾಪ್‌ಟಾಪಿನಿಂದ ಒಟ್ಟಿಗೆ ಕೂಗು, ಚಪ್ಪಾಳೆ. ರೊಟ್ಟಿ ಪೂರ್ತಿ ಉಬ್ಬಿ ನಿಂತಿತ್ತಂತೆ. "ಸೋತೆ ಅಮ್ಮ. ನನಗೂ ಬಡಿಯೋದು ಕಲಿಸಿಕೊಡಿ" ಎಂದರು ಸುಧಕ್ಕ. ನನಗೆ ನಿಜವಾಗಿಯೂ ಖುಷಿಯಾಯಿತು. ಆ ಇತಿಹಾಸವನ್ನು ಇಡೀ ಬೇ ಏರಿಯಾ ನೋಡಿತು, ನಾನೊಬ್ಬನೇ ನೋಡಲಿಲ್ಲ.

ಸಂಜೆ ಅತ್ತೆ ಬಟ್ಟೆ ಮಡಚುತ್ತ, ಸ್ಪೀಕರ್ ಹಾಕಿಕೊಂಡು ಧಾರವಾಡದ ತಂಗಿಯ ಜೊತೆ ಮಾತಾಡುತ್ತಿದ್ದರು. ನಾನು ಪಕ್ಕದ ಕೋಣೆಯಲ್ಲಿ ಬೆರಳಿಗೆ ಐಸ್ ಒತ್ತಿಕೊಂಡು ಕೂತಿದ್ದೆ.

"ಅಕ್ಕಾ, ನಿನ್ನ ಅಳಿಯ ನೆಟ್‌ವರ್ಕ್ ಇಂಜಿನಿಯರ್ ಅಂತೀಯಲ್ಲ, ಹಂಗಂದ್ರ ಏನ ಕೆಲಸ ಅದು?"

"ನನಗೂ ಇಷ್ಟು ದಿನ ತಿಳಿದಿದ್ದಿಲ್ಲವ್ವಾ. ಇವತ್ತ ಕಣ್ಣಾರೆ ನೋಡಿದೆ. ವಾಯರ್ ಹಿಡ್ಕೊಂಡು ಕೆಳಗ ಕುಂದ್ರೂದು" ಎಂದರು ಅತ್ತೆ. "ಅದಕ್ಕೂ ಇಲ್ಲಿ ಪಗಾರ ಕೊಡ್ತಾರ ನೋಡು!"