ಲಿಲ್ಲವ್ವನ ಅಭಿಷೇಕ

ಹುಬ್ಬಳ್ಳಿಯ ಹತ್ತಿ ವ್ಯಾಪಾರಿ ಅಂದಾನೆಪ್ಪ ಸಾವಕಾರರ ಪಾಲಿಗೆ ಬೇಸಿಗೆಯ ಸೆಕೆ ಆಗುತ್ತಿದ್ದದ್ದು ಮನೆಯ ಬೆಕ್ಕಿಗೆ ಮಾತ್ರ. ಆಳುಗಳಿಗೆ ಸೆಕೆ ಆಗುತ್ತಿರಲಿಲ್ಲ, ಗುಮಾಸ್ತರಿಗೆ ಆಗುತ್ತಿರಲಿಲ್ಲ, ಉರಿಬಿಸಿಲಲ್ಲಿ ಹತ್ತಿಯ ಚಕ್ಕಡಿ ಹೊಡೆದುಕೊಂಡು ಬರುವ ರೈತರಿಗಂತೂ ಆಗುವ ಮಾತೇ ಇರಲಿಲ್ಲ. ವಿಲಾಯತಿಗೆ ಹೊರಟು ನಿಂತ ರೈಲ್ವೆ ಸಾಹೇಬನ ಹೆಂಡತಿ ಬಿಟ್ಟುಹೋದ, ಮೈತುಂಬ ಉದ್ದ ಕೂದಲಿನ ಕಂದು ಬೆಕ್ಕು ಅದು. ಮೇಮಸಾಹೇಬಳು ಅದನ್ನು ಲಿಲ್ಲಿ ಎಂದು ಕರೆಯುತ್ತಿದ್ದಳು. ಸಾವಕಾರರ ಮನೆಗೆ ಬಂದಮೇಲೆ ಅದು ಲಿಲ್ಲವ್ವ ಆಯಿತು. ಅದರ ಕೋಣೆಗೆ ಲಾವಂಚದ ಬೇರಿನ ಪರದೆ, ಪರದೆಗೆ ನೀರು ಹೊಡೆಯಲು ಒಬ್ಬ ಆಳು, ಪಂಖಾ ಎಳೆಯಲು ಇನ್ನೊಬ್ಬ.

ವೈಶಾಖದ ಒಂದು ಬೆಳಿಗ್ಗೆ ಸಾವಕಾರರು ಗುಮಾಸ್ತ ಹುಚ್ಚಪ್ಪನನ್ನು ಮನೆಗೆ ಕರೆಸಿ, ಮುಚ್ಚಳದ ಬುಟ್ಟಿಯೊಂದನ್ನು ಅವನ ಕೈಗಿತ್ತರು. ಒಳಗೆ ಲಿಲ್ಲವ್ವ ಇದ್ದಳು.

"ನೋಡೋ ಹುಚ್ಚಪ್ಪ, ಮನಿಮಂದಿಯೆಲ್ಲಾ ಗದಗಿಗೆ ಮದವಿಗೆ ಹೊಂಟೇವಿ. ಆಳುಮಕ್ಕಳೂ ಬರಾಕತ್ತಾರ. ಸಂಜಿ ಗಾಡಿಗೆ ತಿರುಗಿ ಬರ್ತೇವಿ. ಅಲ್ಲೀತನಕ ಲಿಲ್ಲವ್ವ ನಿನ್ನ ಮನ್ಯಾಗ ಇರ್ಲಿ. ಸೆಕಿ ತಾಗಬಾರ್ದು."

"ಆಗ್ಲಿರಿ ಸಾವಕಾರ್ರ."

"ಅಂಗಡ್ಯಾಗ ದಿವಾನಜಿ ಗಾದಿ ಖಾಲಿ ಐತಿ, ಗೊತ್ತೈತಿಲ್ಲೋ? ಸಂಜಿಕ ಬೆಕ್ಕು ತಣ್ಣಗ ಸಿಕ್ಕರ ನಾಳಿಂದ ಅದರ ಮ್ಯಾಲ ನೀನ ಕುಂದರು. ಬಾಡಿದ್ದು ಕಂಡರ ಮಾತ್ರ, ಅಂಗಡಿ ಕಡೆ ಮುಖಾ ಹಾಕಬ್ಯಾಡ."

ಹಿರಿಯ ಗುಮಾಸ್ತನ ಆ ಗಾದಿಗಾಗಿ ಹುಚ್ಚಪ್ಪ ತಲೆಗೂದಲು ನೆರೆಯುವವರೆಗೆ ಕಾದಿದ್ದ. ಓದುಬರಹ ಅವನಿಗೆ ಅಷ್ಟಕ್ಕಷ್ಟೆ. ಅವನ ವಿದ್ಯೆಯೆಲ್ಲ ಮೊಣಕಾಲಿನಲ್ಲಿತ್ತು. ರೈತನ ಹತ್ತಿಯ ಅಂಡಿಗೆಯನ್ನು, ಆ ದೊಡ್ಡ ಮೂಟೆಯನ್ನು, ತೂಕಕ್ಕೆ ತೂಗುಹಾಕಿದಾಗ ಯಾರಿಗೂ ಕಾಣದಂತೆ ಅದರ ಅಡಿಗೆ ಮೊಣಕಾಲು ಕೊಟ್ಟು ಎತ್ತಿ ಹಿಡಿಯುತ್ತಿದ್ದ. ತೂಕ ಕಡಿಮೆ ಬೀಳುತ್ತಿತ್ತು, ಸಾವಕಾರರ ಹೊಟ್ಟೆ ಮುಂದೆ ಬರುತ್ತಿತ್ತು. ಅದೇ ಗಾದಿಯ ಮೇಲೆ ಕಣ್ಣಿಟ್ಟ ಇನ್ನೊಬ್ಬ ಗುಮಾಸ್ತ ಏಕನಾಥ. ಅವನ ವಿದ್ಯೆಯೆಲ್ಲ ನಾಲಿಗೆಯಲ್ಲಿತ್ತು.

ಕಮರಿಪೇಟೆಯಲ್ಲಿ ಹುಚ್ಚಪ್ಪನದು ತಗಡು ಹೊದಿಸಿದ ಮನೆ. ಹೊತ್ತು ಏರುವ ಮೊದಲೇ ರೊಟ್ಟಿ ಹಂಚಿನಂತೆ ಕಾಯುತ್ತಿತ್ತು. ಬಿಸಿಗಾಳಿ ಬರದಿರಲೆಂದು ಅವನು ಕದ ಹಾಕಿಕೊಂಡು, ಬುಟ್ಟಿಯ ಮುಚ್ಚಳ ತೆಗೆದು, ಎರಡೂ ಕೈಯಿಂದ ಬೀಸತೊಡಗಿದ. ಹೆಂಡತಿ ಮುರಿಗೆವ್ವ ನೋಡುವಷ್ಟು ನೋಡಿದಳು.

"ಮಕ್ಕಳ ಮೈತುಂಬ ಬೆವರಸಾಲಿ ಎದ್ದಾವು. ಒಂದ ದಿನಾರ ಬೀಸಣಿಕಿ ಹಿಡದೀರೇನು? ಬೆಕ್ಕಿಗೆ ಬೀಸಾಕ ಬಂತು ನೋಡ್ರಿ ಕೈಯಾಗ ಶಕ್ತಿ!"

"ಸುಮ್ಮಕಿರ. ಇದು ಬೆಕ್ಕಲ್ಲ, ದಿವಾನಜಿ ಗಾದಿ."

"ಗಾದಿಗೆ ಬಾಲಾ ಇರೂದು ಇವತ್ತ ನೋಡಿದ್ನಿ," ಎಂದು ಅವಳು ಒಳಗೆ ಹೋದಳು.

ಅಷ್ಟರಲ್ಲಿ ಏಕನಾಥ ಬಂದ. ಬೆಕ್ಕನ್ನು ನೋಡಿ ಲೊಚಗುಟ್ಟಿದ. "ಬರೇ ಗಾಳಿಗೆ ಏನಾಗ್ತದೋ ಹುಚ್ಚಪ್ಪ? ನೆತ್ತಿ ತಂಪಾಗಬೇಕು. ಹರಳೆಣ್ಣಿ ಒತ್ತು. ಸಾವಕಾರ್ರ ಮನ್ಯಾಗ ದಿನಾ ಒತ್ತತಾರ, ನಾ ಕಣ್ಣಾರೆ ಕಂಡೇನಿ."

ಗಾದಿಗೆ ಪೈಪೋಟಿ ನಡೆಸುವವನು ಹೇಳಿದ ಮದ್ದನ್ನು ಬುದ್ಧಿಯಿದ್ದವನು ಮಾಡುತ್ತಾನೆಯೇ? ಹುಚ್ಚಪ್ಪ ಮಾಡಿದ. ಅಂಗೈತುಂಬ ಹರಳೆಣ್ಣೆ ಸುರಿದುಕೊಂಡು ಲಿಲ್ಲವ್ವನ ನೆತ್ತಿಗೆ ತಿಕ್ಕಿದ. ಅದು ಅವನ ಮೂಗಿನ ಮೇಲೆ ನಾಲ್ಕು ಗೆರೆ ಎಳೆಯಿತು. ತಲೆಯ ಕೂದಲೆಲ್ಲ ಅಂಟಿ ಎಳೆಎಳೆಯಾಗಿ ನಿಂತಿತು. ತಂಪಾಗುವುದು ಹೋಗಲಿ, ಬೆಕ್ಕು ನಾಲಿಗೆ ಹೊರಗೆ ಹಾಕಿ ನಾಯಿಯಂತೆ ತೇಕಲಾರಂಭಿಸಿತು. ಏಕನಾಥ ಮೀಸೆಯಲ್ಲಿ ನಗುತ್ತ ಅಂಗಡಿಗೆ ಹೋದ.

ಹುಚ್ಚಪ್ಪ ಬೀಸಣಿಕೆ ಬಿಸಾಡಿ ಎದ್ದ. ಓಣಿಯ ಮೂಲೆಯಲ್ಲಿ ತಾಮ್ರದ ಪಾತ್ರೆಗಳನ್ನು ದುರಸ್ತಿ ಮಾಡುವ ಮಕಬೂಲಸಾಬನ ಅಂಗಡಿಗೆ ಓಡಿದ.

"ಕಾಕಾ, ಬೆಕ್ಕಿಗೆ ಸೆಕಿ ತಡಿಯಾಕ ಆಗವಲ್ದ್ರಿ. ಏನಾರ ಉಪಾಯ ಹೇಳ್ರಿ."

ಮಕಬೂಲಸಾಬ ತಿದಿ ಒತ್ತುವುದನ್ನು ನಿಲ್ಲಿಸಿ ಹುಬ್ಬಿನ ಬೆವರು ಒರೆಸಿದ. "ಬೆಕ್ಕಿಗೆ ಸೆಕಿ ಆಗೇತಂತ ನನ್ನ ಕುಲುಮಿ ಮುಂದ ನಿಂತು ಹೇಳಾಕತ್ತೀಯಲ್ಲೋ! ಇಲ್ಲೊಬ್ಬ ಮನಶ್ಯಾ ಬೇಯಾಕತ್ತಾನ, ಕಾಣಂಗಿಲ್ಲೇನು?"

ಹುಚ್ಚಪ್ಪನಿಗೆ ಮನುಷ್ಯ ಕಾಣಲಿಲ್ಲ. ಕಂಡದ್ದು ಅವನ ಪಕ್ಕದಲ್ಲಿದ್ದ ತಾಮ್ರದ ಕೊಡ. ಬೇಸಿಗೆಯಲ್ಲಿ ಶಿವನಿಗೆ ಸೆಕೆಯಾಗದಿರಲೆಂದು ಗುಡಿಯಲ್ಲಿ ಲಿಂಗದ ಮೇಲೆ ತೂಗುಹಾಕುವ ಕೊಡ ಅದು. ತಳದ ಸಣ್ಣ ತೂತಿನಿಂದ ಹಗಲೆಲ್ಲ ಹನಿಹನಿಯಾಗಿ ನೀರು ಬೀಳುತ್ತಿರುತ್ತದೆ. ತೂತು ದೊಡ್ಡದಾಗಿದೆಯೆಂದು ಪೂಜಾರಿ ದುರಸ್ತಿಗೆ ಕೊಟ್ಟಿದ್ದ. ಲೋಕಕ್ಕೆಲ್ಲ ಒಡೆಯನಾದವನಿಗೇ ಇದು ತಂಪು ಮಾಡಿದಮೇಲೆ ಸಾವಕಾರರ ಬೆಕ್ಕಿಗೆ ಮಾಡಲಾರದೆ? ಹುಚ್ಚಪ್ಪ ಕೊಡವನ್ನು ಎತ್ತಿಕೊಂಡ.

"ಏ, ಗುಡಿ ಸಾಮಾನ ಅದು! ಪೂಜಾರಿ ಬರಾಂವ ಅದಾನ!"

"ಅಂವ ಬರೂದ್ರಾಗ ತಂದಿಡ್ತೇನ್ರಿ ಕಾಕಾ," ಎಂದವನೇ ಪಂಚೆಯಲ್ಲಿ ಮುಚ್ಚಿಕೊಂಡು ಓಡಿದ. ಅವನಿಗೆ ಈಶ್ವರನ ಭಯ ಇರಲಿಲ್ಲವೆಂದಲ್ಲ. ಸಾವಕಾರರ ಭಯ ಅದಕ್ಕಿಂತ ಹೆಚ್ಚಿತ್ತು.

ಕೊಡವನ್ನು ತೊಲೆಗೆ ಕಟ್ಟಿ ನೀರು ತುಂಬಿದ್ದಾಯಿತು. ಮೊದಲ ಹನಿ ಮೈಮೇಲೆ ಬಿದ್ದದ್ದೇ ಲಿಲ್ಲವ್ವ ಚಂಗನೆ ನೆಗೆದು ಕಪಾಟಿನ ಕೆಳಗೆ ನುಗ್ಗಿದಳು. ಅವಳನ್ನು ಎಳೆದು ತಂದು, ಮುಂದೆ ಬಟ್ಟಲು ಮಜ್ಜಿಗೆ ಇಟ್ಟು, ಮೇಲೆ ಬಿದಿರಿನ ದೊಡ್ಡ ಪುಟ್ಟಿಯನ್ನು ಬೋರಲು ಹಾಕಿ, ಪುಟ್ಟಿಗೆ ಕರಿಯ ಕಂಬಳಿ ಹೊದಿಸಿದ. ಕೊಡದ ನೀರು ಕಂಬಳಿಯ ಮೇಲೆ ತೊಟ್ಟಿಕ್ಕತೊಡಗಿತು. ಉಪಾಯ ಫಲಿಸಿತು. ಒಳಗೆ ಬೆಕ್ಕು ಮಜ್ಜಿಗೆ ಕುಡಿದು, ಹಾಯಾಗಿ ಸುರುಳಿ ಸುತ್ತಿಕೊಂಡು ಮಲಗಿತು. ಆದರೂ ಹುಚ್ಚಪ್ಪನಿಗೆ ನೆಮ್ಮದಿ ಇಲ್ಲ. ಅದು ಉಸಿರಾಡುತ್ತಿದೆಯೋ ಇಲ್ಲವೋ ಎಂದು ನಿಮಿಷಕ್ಕೊಮ್ಮೆ ನೆಲಕ್ಕೆ ಉದ್ದಂಡ ಮಲಗಿ ಪುಟ್ಟಿಯ ಅಂಚಿನ ಸಂದಿನಲ್ಲಿ ಇಣುಕುತ್ತಿದ್ದ. ಏಳುತ್ತಿದ್ದ, ಮತ್ತೆ ಮಲಗುತ್ತಿದ್ದ.

ಪಕ್ಕದ ಮನೆಯ ಗೌರಕ್ಕನಿಗೆ ಬೆಳಗಿನಿಂದ ಹೊಟ್ಟೆಯಲ್ಲಿ ಒಂದೇ ಸಂಕಟ. ಹುಚ್ಚಪ್ಪನ ಮನೆಯ ಕದ ಯಾಕೆ ಹಾಕಿದೆ? ಓಣಿಯಲ್ಲಿ ತನಗೆ ತಿಳಿಯದ ಸಂಗತಿಯೊಂದು ಇದೆಯೆಂದರೆ ಆಕೆಗೆ ಅನ್ನ ಇಳಿಯುತ್ತಿರಲಿಲ್ಲ. ಕಡೆಗೆ ಕಟ್ಟೆಯ ಮೇಲೆ ಹತ್ತಿ, ಕಿಟಕಿಯ ಸಂದಿಗೆ ಕಣ್ಣಿಟ್ಟಳು. ಕತ್ತಲ ಕೋಣೆ, ನಡುವೆ ಕರ್ರಗೆ ಗುಂಡಗೆ ಮಿರುಗುವ ಏನೋ ಒಂದು, ಮೇಲೆ ಗುಡಿಯ ಕೊಡ, ಮುಂದೆ ದೀರ್ಘದಂಡ ಹಾಕುತ್ತಿರುವ ಹುಚ್ಚಪ್ಪ!

"ಶಿವಶಿವಾ! ಬರ್ರೇ ಯವ್ವಾ, ಲಗೂನ ಬರ್ರಿ! ಹುಚ್ಚಪ್ಪನ ಮನ್ಯಾಗ ಲಿಂಗ ಉದ್ಭವ ಆಗೇತಿ!"

ಕಮರಿಪೇಟೆಯಲ್ಲಿ ಬೆಂಕಿ ಬಿದ್ದರೆ ಜನ ಕೂಡಲು ತಡವಾಗುತ್ತಿತ್ತೇನೋ, ಇದಕ್ಕೆ ತಡವಾಗಲಿಲ್ಲ. ಕದ ತೆರೆಸಿದರು. ಹೆಂಗಸರು, ಹಮಾಲರು, ಹತ್ತಿ ಮಾರಲು ಬಂದಿದ್ದ ರೈತರು, ಬಿಲ್ವಪತ್ರೆ, ತೆಂಗಿನಕಾಯಿ, ವಿಭೂತಿ ಎಲ್ಲವೂ ಒಟ್ಟಿಗೆ ಒಳಗೆ ನುಗ್ಗಿದವು. ಕಂಬಳಿಯ ಮೇಲೆ ಮುಷ್ಟಿಗಟ್ಟಲೆ ವಿಭೂತಿ ಬಿತ್ತು, ನೀರಿಗೆ ಕರಗಿ ಪುಟ್ಟಿಯೊಳಗೆ ಇಳಿಯಿತು.

ಹುಚ್ಚಪ್ಪ ಬಾಯಿ ತೆರೆಯಲು ಹೋಗಿ ಮುಚ್ಚಿಕೊಂಡ. ದೇವರ ಕೊಡವನ್ನು ಬೆಕ್ಕಿಗೆ ಕಟ್ಟಿದ್ದೇನೆಂದರೆ ಈ ಮಂದಿ ಚರ್ಮ ಸುಲಿಯುತ್ತಾರೆ. ಕಂಬಳಿ ಎತ್ತಿದರೆ ಬೆಕ್ಕು ಓಡಿಹೋಗುತ್ತದೆ. ಕಣ್ಣು ಮೇಲೆ ಹೋಗಿ, ಅವನು ಗೋಡೆಗೆ ಒರಗಿ ಕೂತುಬಿಟ್ಟ.

"ಮೌನ ಹಿಡದಾನ," ಎಂದಳು ಗೌರಕ್ಕ. "ನೋಡ್ರಿ, ಕಣ್ಣು ಹ್ಯಾಂಗ ಸಮಾಧಿಗೆ ಹೋಗ್ಯಾವು!"

"ಅದರಾಗ ಬೆಕ್ಕೈತ್ರಬೇ," ಎಂದಳು ಮುರಿಗೆವ್ವ.

"ಸುಮ್ಮಕಿರ, ಪಾಪ ಬರ್ತೇತಿ! ಹಿತ್ತಲ ಗಿಡಾ ಮದ್ದಲ್ಲ ಅಂತ ಸುಳ್ಳ ಹೇಳ್ಯಾರೇನು?" ಎಂದು ಗೌರಕ್ಕ ಗದರಿದಳು.

ಆಗಲೇ ತಂಪಿಗೆ ಸುಖವಾಗಿ ಬೆಕ್ಕು ಒಳಗಿನಿಂದ ಗುರುಗುಟ್ಟಿತು. ಜನ ಉಸಿರು ಬಿಗಿಹಿಡಿದು ಕೇಳಿದರು. "ಓಂಕಾರ ನಡದೈತಿ!" ಎಂದು ಯಾರೋ ಅಂದದ್ದೇ, ಎಲ್ಲರೂ ದಡದಡನೆ ನೆಲಕ್ಕೆ ಬಿದ್ದರು. ಮುರಿಗೆವ್ವ ತಿರುಗಿ ಒಳಗೆ ಹೋದಳು. ಬುದ್ಧಿ ಇದ್ದವಳು, ಇಂಥ ಕಡೆ ಅದನ್ನು ಖರ್ಚು ಮಾಡಬಾರದೆಂದು ತಿಳಿದಿದ್ದಳು.

ಗುಡಿಯ ಪೂಜಾರಿ ಕೊಡ ಹುಡುಕಿಕೊಂಡು ಮಕಬೂಲಸಾಬನ ಜೊತೆಗೇ ಬಂದ. "ಕೊಡಾ ತಾನಾಗೇ ನಡದು ಬಂದೈತ್ರಿ!" ಎಂದು ಗೌರಕ್ಕ ಆಣೆ ಮಾಡಿ ಹೇಳಿದಳು. ಪೂಜಾರಿ ಕೈಮುಗಿದ.

"ದುರಸ್ತಿ ಕೂಲಿ ಕೊಡದ ನಡದು ಬಂತು ನೋಡ್ರಿ," ಎಂದು ಗೊಣಗಿ ಮಕಬೂಲಸಾಬ ತನ್ನ ಕುಲುಮೆಗೆ ಹಿಂತಿರುಗಿದ.

ಮಧ್ಯಾಹ್ನ ಏಕನಾಥ ಬೆಕ್ಕು ಸತ್ತಿತೋ ಇಲ್ಲವೋ ನೋಡಲು ಬಂದ. ಬೆಕ್ಕು ಕಾಣಲಿಲ್ಲ, ಜಾತ್ರೆ ಕಂಡಿತು. ಅವನಿಗೆ ಬೇಕಾದಷ್ಟಾಯಿತು. ಸಂಜೆ ಸ್ಟೇಷನ್ನಿಗೆ ಹೋಗಿ, ಸಾವಕಾರರು ಗಾಡಿ ಇಳಿಯುತ್ತಲೇ ಕಿವಿ ಊದಿದ: "ಬೆಕ್ಕು ಸತ್ತೈತಿ ಅಂತ ಕಾಣಸ್ತೈತ್ರಿ. ಅದನ್ನ ಮುಚ್ಚಾಕ ದೇವರ ಆಟಾ ಹೂಡ್ಯಾನ." ಸಾವಕಾರ್ತಿ ಟಾಂಗಾದಲ್ಲೇ ಅಳಲು ಶುರುಮಾಡಿದಳು.

ಟಾಂಗಾ ನೇರವಾಗಿ ಹುಚ್ಚಪ್ಪನ ಮನೆಯ ಮುಂದೆ ನಿಂತಿತು. ಜನ ದಾರಿ ಬಿಟ್ಟರು.

"ನನ್ನ ಲಿಲ್ಲವ್ವ ಎಲ್ಲಿ?" ಎಂದು ಸಾವಕಾರ್ತಿ ಕಿರುಚಿದಳು.

ಹುಚ್ಚಪ್ಪ ಜನರನ್ನು ನೋಡಿದ, ಸಾವಕಾರರನ್ನು ನೋಡಿದ. ಏಟು ತಿಂದರೆ ಎಂಟು ದಿನದಲ್ಲಿ ಮಾಯುತ್ತದೆ. ಗಾದಿ ಹೋದರೆ ಮತ್ತೆ ಬರುವುದಿಲ್ಲ. ಕಣ್ಣು ಮುಚ್ಚಿಕೊಂಡು ಕಂಬಳಿಯನ್ನೂ ಪುಟ್ಟಿಯನ್ನೂ ಒಮ್ಮೆಲೇ ಎತ್ತಿದ.

ಲಿಲ್ಲವ್ವ ಎದ್ದು ಮೈ ಮುರಿದು ಆಕಳಿಸಿದಳು. ಹರಳೆಣ್ಣೆಗೆ ಅಂಟಿದ ಕೂದಲು ತಲೆಯ ಮೇಲೆ ಜಡೆಗಟ್ಟಿತ್ತು. ಸೋರಿದ ವಿಭೂತಿ ಕಂದು ಹಣೆಯ ಮೇಲೆ ಬೆಳ್ಳಗೆ ಪಟ್ಟೆಪಟ್ಟೆಯಾಗಿ ಇಳಿದಿತ್ತು. ಕಿವಿಯ ಹಿಂದೆ ಒಂದು ಬಿಲ್ವಪತ್ರೆ.

ಹುಚ್ಚಪ್ಪ ಬೆನ್ನು ಬಗ್ಗಿಸಿ ಮೊದಲ ಏಟಿಗೆ ಕಾದ. ಬಿದ್ದದ್ದು ಏಟಲ್ಲ, ಜನ. ಗೌರಕ್ಕ ಎಲ್ಲರಿಗಿಂತ ಮೊದಲು ಬಿದ್ದಳು. "ಬೆಕ್ಕಿನ ರೂಪದಾಗ ಬಂದಿಯೇನಪ್ಪಾ ಪರಮೇಶ್ವರಾ!"

ಸಾವಕಾರ್ತಿ ಬೆಕ್ಕಿನ ಹೊಟ್ಟೆ ಮುಟ್ಟಿದಳು. "ಮಣ್ಣಿನ ಹರವಿ ನೀರಿನಂಗ ತಣ್ಣಗ ಐತಿ! ನಮ್ಮ ಪಂಖಾದಾಗೂ ಹಿಂಗ ತಣ್ಣಗ ಇರ್ತಿದ್ದಿಲ್ಲ!"

ಹುಚ್ಚಪ್ಪನ ಮುಖ ಅರಳಿತು. ಏಕನಾಥನ ಮುಖ ಬಿದ್ದುಹೋಯಿತು. ಸಾವಕಾರರು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಒಬ್ಬ ರೈತ ಬಂದು ಹುಚ್ಚಪ್ಪನ ಕಾಲಿಗೆ, ಅದೂ ಆ ಮೊಣಕಾಲಿಗೇ, ಹಣೆ ಹಚ್ಚಿದ. ಸಾವಕಾರರು ಅದನ್ನು ನೋಡಿ ಯೋಚನೆಗೆ ಬಿದ್ದರು. ರೈತರು ಹಣೆ ಹಚ್ಚುವ ಮೊಣಕಾಲನ್ನು ಇನ್ನು ಅಂಡಿಗೆಯ ಅಡಿಗೆ ಕೊಡಿಸುವುದು ಹೇಗೆ?

"ಹುಚ್ಚಪ್ಪನವರ," ಎಂದರು.

ಆ 'ಅವರ' ಕೇಳಿ ಹುಚ್ಚಪ್ಪ ಅವಸರದಿಂದ ಕೈಮುಗಿದ. ಧಣಿ ಆಳಿಗೆ ಮರ್ಯಾದೆ ಕೊಟ್ಟರೆ ಸಂಬಳ ಹೋಯಿತೆಂದೇ ಅರ್ಥ.

"ನಿಮ್ಮಂಥಾ ಸತ್ಪುರುಷರನ್ನ ಅಂಗಡ್ಯಾಗ ತೂಕಕ್ಕ ನಿಲ್ಲಿಸಿದ್ನಲ್ಲ, ನನಗ ಯಾವ ನರಕ ಕಾದೈತೋ! ನೀವು ಇಲ್ಲೇ ದೇವರ ಸೇವಾ ಮಾಡ್ಕೊಂಡಿರ್ರಿ. ಗಾದಿ ನಮ್ಮಂಥಾ ಪಾಪಿಗಳಿಗೆ ಇರ್ಲಿ. ಏಕನಾಥ, ನಾಳಿಂದ ನೀ ಕುಂದರಪಾ."

"ನಾ ಸತ್ಪುರುಷ ಅಲ್ರೀ ಸಾವಕಾರ್ರ!" ಹುಚ್ಚಪ್ಪ ಅಳುವ ದನಿಯಲ್ಲಿ ಕೂಗಿದ. "ಖರೇ ಹೇಳ್ತೇನ್ರಿ, ಇಷ್ಟ ವರ್ಷ ಈ ಮಂದಿ ಅಂಡಿಗಿಗೆಲ್ಲಾ ಮೊಣಕಾಲು ಹಚ್ಚಿ ಮೋಸಾ ಮಾಡೇನ್ರಿ! ನೀವ ಕಲಿಸಿದ್ರಲ್ರೀ!"

ಕಾಲಿಗೆ ಬಿದ್ದಿದ್ದ ರೈತ ತಲೆಯೆತ್ತಿದ. ಅವನ ಕಣ್ಣಲ್ಲಿ ನೀರಿತ್ತು.

"ಎಂಥಾ ಸತ್ಯವಂತನಪ್ಪಾ! ಮಂದಿ ಮುಂದ ತನ್ನ ಪಾಪ ತಾನ ಹೇಳ್ಕೊಂಡ!"

"ಕಲಿಯುಗದಾಗ ಇಂಥಾವ್ರು ಎಲ್ಲಿ ಸಿಗ್ತಾರ!" ಎಂದಳು ಗೌರಕ್ಕ. ಜನ ಮತ್ತೊಮ್ಮೆ ಅವನ ಕಾಲಿಗೆ ಬಿದ್ದರು. ಯಾರು ಕಲಿಸಿದ್ದೆಂದು ಒಬ್ಬನಾದರೂ ಕೇಳಬೇಕಲ್ಲ? ಕೇಳಲಿಲ್ಲ. ಆ ಮಾತು ಕೇಳಿಸಿದ್ದು ಸಾವಕಾರರಿಗೆ ಮಾತ್ರ, ಮತ್ತು ಅವರಿಗೆ ಅದು ಚೆನ್ನಾಗಿ ಕೇಳಿಸಿತು. ಹುಚ್ಚಪ್ಪ ಇನ್ನು ಆ ಅಂಗಡಿಯ ಮೆಟ್ಟಿಲು ಹತ್ತುವ ಹಾಗಿರಲಿಲ್ಲ.

ಸಾವಕಾರ್ತಿ ಬೆಕ್ಕನ್ನು ಎತ್ತಿಕೊಳ್ಳಲು ಹೋಗಿ ಕೈ ಹಿಂದಕ್ಕೆಳೆದುಕೊಂಡಳು. "ಬ್ಯಾಡ ತಾಯಿ, ದೇವರ ಸೇವಾ ನಮ್ಮ ಕೈಲೆ ಆಗೂದಿಲ್ಲ. ಇಲ್ಲೇ ಇರ್ಲಿ," ಎಂದು ಕೆನ್ನೆ ಬಡಿದುಕೊಂಡು ಟಾಂಗಾ ಹತ್ತಿದಳು. ಪೂಜಾರಿ ಕೊಡ ಬಿಚ್ಚಿಕೊಂಡು ಮೆರವಣಿಗೆಯಲ್ಲಿ ಗುಡಿಗೆ ಹೋದ. ತೆಂಗಿನಕಾಯಿಗಳನ್ನು ಪ್ರಸಾದವೆಂದು ಗೌರಕ್ಕ ಉಡಿತುಂಬ ತನ್ನ ಮನೆಗೆ ಸಾಗಿಸಿದಳು.

ಮನೆ ಬರಿದಾಯಿತು. ಹಗಲೆಲ್ಲ ಕಾದ ತಗಡು ಇನ್ನೂ ಉರಿ ಉಗುಳುತ್ತಿತ್ತು. ವೈಶಾಖ ಇನ್ನೂ ಅರ್ಧ ಉಳಿದಿತ್ತು. ನೆಲದ ಮೇಲೆ ಕೂತ ಹುಚ್ಚಪ್ಪನ ಎದುರು ಲಿಲ್ಲವ್ವ ಬಂದು, ನಾಲಿಗೆ ಹೊರಗೆ ಹಾಕಿ, ಕೋಪದಿಂದ ಒಮ್ಮೆ ಕೂಗಿದಳು.

ಮುರಿಗೆವ್ವ ಒಳಗಿನಿಂದ ಬೀಸಣಿಕೆ ತಂದು ಗಂಡನ ಕೈಗೆ ಕೊಟ್ಟಳು.

"ಏಳ್ರಿ ದಿವಾನಜಿ. ನಿಮ್ಮ ಗಾದಿಗೆ ಸೆಕಿ ಆಗಾಕತ್ತೈತಿ, ಬೀಸ್ರಿ."